ರೇಸ್ ಫೇರಿಂಗ್: ಕೊಳ್ಳುವ ಮೊದಲಿನ ಲೆಕ್ಕ

ಟ್ರ್ಯಾಕಿನಲ್ಲಿ ಓಡಿಸುವ ಬೈಕು ಒಂದಲ್ಲ ಒಂದು ದಿನ ಬೀಳುತ್ತದೆ. ಅದನ್ನು ಒಪ್ಪಿಕೊಂಡೇ ಖರ್ಚಿನ ಲೆಕ್ಕಕ್ಕೆ ಕೂರಬೇಕು. ಸಾಮಾನ್ಯ ವಾಹನ ವಿಮೆಯಲ್ಲಿ ರೇಸಿಗೆ, ವೇಗ ಪರೀಕ್ಷೆಗೆ ಪರಿಹಾರವಿಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲೋ ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕಿನಲ್ಲೋ ಒಡೆದದ್ದಕ್ಕೆಲ್ಲ ನಮ್ಮ ಕಿಸೆಯೇ ಗತಿ.

ನನ್ನದು ಯಮಹಾ ಆರ್15. ಕಂಪನಿಯ ಪ್ಲಾಸ್ಟಿಕ್ ಭಾಗಗಳನ್ನು ಹೆಡ್‌ಲೈಟ್, ಇಂಡಿಕೇಟರ್ ಸಮೇತ ಬಿಚ್ಚಿ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಬಿ.ಸಿ.ರೋಡಿನ ಮನೆಯ ಅಟ್ಟಕ್ಕೇರಿಸಿದ್ದೇನೆ. ಅವುಗಳ ಜಾಗದಲ್ಲಿ ಕೂರಿಸುವ ಟ್ರ್ಯಾಕಿನ ಹೊರಕವಚ, ಅಂದರೆ ರೇಸ್ ಫೇರಿಂಗಿನ ದೊಡ್ಡ ಲಾಭ ಇದೇ ಎಂಬುದು ನನ್ನ ಅಭಿಪ್ರಾಯ. ನಾಳೆ ಬೈಕು ಮಾರುವಾಗ ಗೀರು ಬೀಳದ ಮೂಲ ಭಾಗಗಳಿದ್ದರೆ ಬೆಲೆ ಕೆಳಗಿಳಿಯುವುದಿಲ್ಲ.

ಫೈಬರ್‌ಗ್ಲಾಸಿನ ಫೇರಿಂಗ್ ಸೆಟ್ಟಿಗೆ ಕೊಟ್ಟದ್ದು 18,000 ರೂಪಾಯಿ. ಕಾರ್ಬನ್ ಹಗುರ, ನಿಜ. ಆದರೆ ಬೆಲೆ ಹಲವು ಪಟ್ಟು, ಬಿದ್ದಾಗ ಹೊಟ್ಟೆ ಉರಿಯುವುದೂ ಅಷ್ಟೇ ಪಟ್ಟು. ಫೈಬರ್ ಒಡೆದರೆ ಮ್ಯಾಟ್ ಹಾಸಿ, ರೆಸಿನ್ ಬಳಿದು ಮತ್ತೆ ಗಟ್ಟಿ ಮಾಡಬಹುದು. ಮಂಗಳೂರು, ಮಲ್ಪೆಯ ಕಡೆ ಫೈಬರ್ ದೋಣಿ ರಿಪೇರಿ ಮಾಡುವ ಕೈಗಳಿಗೆ ಈ ಕೆಲಸ ಹೊಸತಲ್ಲ. ಘಟ್ಟದ ಮೇಲಿನವರಿಗೆ ಸುಲಭಕ್ಕೆ ಸಿಗದ ಅನುಕೂಲ ಇದು.

ಸೆಟ್ಟಿನ ಬಿಲ್ಲು ನೋಡಿ ಇಷ್ಟೇ ಖರ್ಚೆಂದುಕೊಳ್ಳಬೇಡಿ. ಬ್ರಾಕೆಟ್, ಬೋಲ್ಟ್, ರಬ್ಬರ್ ವಾಷರ್, ಲೇತ್ ಕೆಲಸ, ಬಣ್ಣ ಎಂದು ನನಗೆ ಇನ್ನೂ 8,000 ಬಿತ್ತು. ಅಚ್ಚಿನ ಮೇಲೆ ಕೈಯಿಂದ ಮಾಡಿದ ಫೈಬರ್ ಎಲ್ಲ ಬೈಕಿಗೂ ಒಂದೇ ಹದಕ್ಕೆ ಕೂರುವುದಿಲ್ಲ. ಎಷ್ಟೋ ಸೆಟ್ಟುಗಳಿಗೆ ತೂತು ನಾವೇ ಕೊರೆಯಬೇಕು. "ಬಣ್ಣ ಕೊಡುವ ಮೊದಲು ಒಮ್ಮೆ ಕೂರಿಸಿ ನೋಡಿ ಮಾರಾಯ್ರೆ" ಎಂದರು ನನ್ನ ಮೆಕ್ಯಾನಿಕ್. ಎಲ್ಲವನ್ನೂ ಟೇಪಿನಲ್ಲಿ ನಿಲ್ಲಿಸಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಮುಂದಿನ ಫೋರ್ಕ್ ಒತ್ತಿದಾಗ ಚಕ್ರ ತಾಗುತ್ತದೋ ನೋಡಿದ ಮೇಲೆಯೇ ಡ್ರಿಲ್ ಹಿಡಿದರು. ಬೋಲ್ಟಿಗಿಂತ ತೂತು ಸ್ವಲ್ಪ ದೊಡ್ಡದಿರಲಿ, ನಡುವೆ ರಬ್ಬರ್ ಇರಲಿ. ಇಲ್ಲದಿದ್ದರೆ ಇಂಜಿನ್ನಿನ ನಡುಕಕ್ಕೆ ತೂತಿನ ಸುತ್ತ ಬಿರುಕು ಬಿಡುತ್ತದೆ. ಸೈಲೆನ್ಸರ್ ಪಕ್ಕ ಶಾಖ ತಡೆಯುವ ಫಾಯಿಲ್ ಅಂಟಿಸಲೇಬೇಕು.

ಎಲ್ಲಕ್ಕಿಂತ ಮುಖ್ಯ ಇಂಜಿನ್ನಿನ ಅಡಿಯ ಬೆಲ್ಲಿ ಪ್ಯಾನ್. ಅಂತರರಾಷ್ಟ್ರೀಯ ರೇಸ್ ನಿಯಮದಂತೆ ಇಂಜಿನ್ ಆಯಿಲು ಮತ್ತು ಕೂಲಂಟಿನ ಒಟ್ಟು ಪ್ರಮಾಣದಲ್ಲಿ ಅರ್ಧವನ್ನಾದರೂ ಅದು ಹಿಡಿಯಬೇಕು. ನಮ್ಮ ಆಯಿಲು ಟ್ರ್ಯಾಕಿಗೆ ಸುರಿದರೆ ಬೀಳುವವನು ಹಿಂದಿನಿಂದ ಬರುವವನು. ನೀರು ತುಂಬಿಸಿ ಸೋರುತ್ತದೋ ನೋಡಿಯೇ ನಾನು ಹಣ ಕೊಟ್ಟದ್ದು.

ಹೆಡ್‌ಲೈಟ್ ಇಲ್ಲದ ಬೈಕನ್ನು ರಸ್ತೆಗಿಳಿಸುವಂತಿಲ್ಲ, ಹಾಗಾಗಿ ಪಿಕಪ್ ಬಾಡಿಗೆ ಪ್ರತಿಸಲದ ಖರ್ಚು. ಬೆಳ್ತಂಗಡಿಯ ಒಬ್ಬರು, ಮೂಡುಬಿದಿರೆಯ ಒಬ್ಬರು, ನಾನು ಸೇರಿ ಒಂದೇ ಗಾಡಿ ಮಾಡುತ್ತೇವೆ. ಬಾಡಿಗೆ ಮೂರು ಪಾಲಾಗುತ್ತದೆ.

ಮೊದಲ ಸಲ ಟ್ರ್ಯಾಕಿಗೆ ಹೊರಟವರು ರೇಸ್ ಫೇರಿಂಗಿಗೆ ಕೈಹಾಕಬೇಡಿ. ಅಭ್ಯಾಸದ ದಿನಗಳಲ್ಲಿ ಸಾಮಾನ್ಯವಾಗಿ ಕನ್ನಡಿ ಬಿಚ್ಚಿ, ಲೈಟುಗಳಿಗೆ ಟೇಪು ಸುತ್ತಿದರೆ ಸಾಕು. ಆ ದುಡ್ಡಿನಲ್ಲಿ ಮೊದಲು ಒಳ್ಳೆಯ ಲೆದರ್ ಸೂಟು, ಟೈರು ಕೊಳ್ಳಿ.