ಸೋಲಾರ್ ನೀರು, ಸೌದೆ ಬಾಯ್ಲರ್ ಮತ್ತು ಸ್ನಾನದ ಮಿತಿ

ಕಂಠದಿಂದ ಕೆಳಗಿನ ದೇಹಕ್ಕೆ ಬಿಸಿನೀರಿನ ಸ್ನಾನವು ಬಲದಾಯಕವೆಂದೂ, ಅದೇ ನೀರನ್ನು ತಲೆಗೆ ಸುರಿದರೆ ಕೂದಲು ಮತ್ತು ಕಣ್ಣುಗಳಿಗೆ ಹಾನಿಕರವೆಂದೂ ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ತಿಳಿಸಿದ್ದಾರೆ. ಹಿತಕರವಾದ ಬಿಸಿನೀರಿಗೂ ಒಂದು ಮಿತಿಯುಂಟೆಂಬುದೇ ಇದರ ತಾತ್ಪರ್ಯ.

ಮಳೆಗಾಲದ ಮೋಡದಲ್ಲಿ ಸೋಲಾರ್ ನೀರು ಉಗುರುಬೆಚ್ಚಗಾಗುವುದೇ ಹೊರತು ಸ್ನಾನಕ್ಕೆ ಸಾಲುವಷ್ಟು ಕಾಯುವುದಿಲ್ಲ. ಆದುದರಿಂದ ಅನೇಕರು ಆ ನೀರನ್ನು ಹಿತ್ತಿಲಿನ ಸೌದೆ ಬಾಯ್ಲರ್‌ಗೆ ಹಾಯಿಸಿ, ಅಲ್ಲಿಂದ ಬಚ್ಚಲುಮನೆಯ ನಲ್ಲಿಗೆ ಕೊಡುತ್ತಾರೆ. ಈ ಜೋಡಣೆ ಮಿತವ್ಯಯಕರವಾದುದು. 20 ಡಿಗ್ರಿಯ ನೀರನ್ನು 40 ಡಿಗ್ರಿಗೆ ಏರಿಸಬೇಕಾಗಿದ್ದು, ಸೋಲಾರ್ ಅದನ್ನು 30 ಡಿಗ್ರಿಗೆ ತಂದಿದ್ದರೆ ಸೌದೆಯು ಅರ್ಧದಷ್ಟು ಸಾಕು. ಹೊಗೆಯೂ ಅಷ್ಟೇ ಕಡಿಮೆ.

ಆದರೆ ಎರಡು ಶಾಖಗಳು ಒಂದರ ಮೇಲೊಂದು ಕೂಡುತ್ತವೆ ಎಂಬುದನ್ನು ಮರೆಯಬಾರದು. ಮಳೆಗಾಲವೊಂದರಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ಪಾದಗಳಲ್ಲಿ ಬೊಬ್ಬೆಗಳೆದ್ದು ನನ್ನ ಬಳಿಗೆ ಬಂದರು. ಹಿಂದಿನ ದಿನ ಬಿಸಿಲು ಬಿದ್ದು ಸೋಲಾರ್ ನೀರು ಚೆನ್ನಾಗಿ ಕಾದಿತ್ತು. ಅದನ್ನರಿಯದ ಮನೆಯವರು ಎಂದಿನಂತೆ ನಸುಕಿನಲ್ಲಿ ಒಲೆ ಹೊತ್ತಿಸಿದ್ದರು. ಪೂಜೆಗೆ ಮುನ್ನ ಸ್ನಾನಕ್ಕೆ ಕುಳಿತ ಹಿರಿಯರು ನಲ್ಲಿಯ ನೀರನ್ನು ನೇರವಾಗಿ ಕಾಲಿಗೆ ಬಿಟ್ಟುಕೊಂಡರು. ಬಹುಕಾಲದ ಮಧುಮೇಹದಿಂದ ಪಾದಗಳ ಸ್ಪರ್ಶಜ್ಞಾನ ಕುಂದಿದ್ದುದರಿಂದ ಸುಟ್ಟದ್ದೇ ಅವರಿಗೆ ತಿಳಿಯಲಿಲ್ಲ. ಶಸ್ತ್ರವೈದ್ಯರ ನೆರವು ಪಡೆದರೂ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಹಂಡೆಯ ಕಾಲದಲ್ಲಿ ತಣ್ಣೀರು ಬೆರೆಸಿ, ಕೈಯಿಟ್ಟು ನೋಡಿ ಮೈಗೆ ಹಾಕಿಕೊಳ್ಳುವ ಪದ್ಧತಿಯಿತ್ತು. ನಲ್ಲಿ ಬಂದ ಮೇಲೆ ಅದು ಮರೆಯಾಯಿತು.

ಇಂತಹ ಜೋಡಣೆಯುಳ್ಳವರು ಈ ಅಂಶಗಳನ್ನು ಪಾಲಿಸಬೇಕು:

1. ಸೋಲಾರ್ ನೀರು ಬಾಯ್ಲರ್‌ಗೆ ಹೋಗದೆ ನೇರವಾಗಿ ಬಚ್ಚಲಿಗೆ ಬರಲು ಪ್ರತ್ಯೇಕ ಪೈಪ್ ಮತ್ತು ವಾಲ್ವ್ ಇರಲಿ. ಒಲೆ ಹೊತ್ತಿಸುವ ಮುನ್ನ ಆ ನೀರನ್ನು ಬಕೆಟ್‌ನಲ್ಲಿ ಹಿಡಿದು ನೋಡಬೇಕು. ಸಾಕಷ್ಟು ಬಿಸಿಯಿದ್ದರೆ ಒಲೆ ಬೇಡ.

2. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,600 ಲೀಟರ್‌ಗಳಷ್ಟು ಹಿಗ್ಗುತ್ತದೆ. ನೀರು ಹಿಂದಕ್ಕೆ ಹರಿಯದಂತೆ ಏಕಮುಖ ವಾಲ್ವ್ ಹಾಕಿ, ನಲ್ಲಿಯನ್ನೂ ಮುಚ್ಚಿದರೆ ಆವಿಗೆ ದಾರಿಯಿಲ್ಲದೆ ಬಾಯ್ಲರ್ ಸಿಡಿಯಬಹುದು. ಅದರ ನೆತ್ತಿಯಿಂದ ಮೇಲಿನ ನೀರಿನ ಟ್ಯಾಂಕ್‌ಗಿಂತ ಎತ್ತರಕ್ಕೆ ತೆರೆದ ಕೊಳವೆಯೊಂದು ಇರಲೇಬೇಕು. ಅದಕ್ಕೆ ವಾಲ್ವ್ ಕೂಡದು. ಬಾಯ್ಲರ್‌ನಲ್ಲಿ ನೀರಿಲ್ಲದಾಗ ಬೆಂಕಿ ಹಾಕಬಾರದು.

3. ಒಲೆಯ ಬಾಯಿ ಬಚ್ಚಲಿನ ಹೊರಗಿರಲಿ. ಹೊಗೆಕೊಳವೆ ಸೂರಿನ ಮೇಲೆ ಏರಲಿ. ಕೆಂಡದಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನದ ವೇಳೆ ತಲೆನೋವು, ಓಕರಿಕೆ, ತಲೆಸುತ್ತು ಕಂಡರೆ ಕೂಡಲೇ ಹೊರಗೆ ಬಂದು ಆಸ್ಪತ್ರೆಗೆ ಹೋಗಬೇಕು.

4. ಸ್ನಾನದ ನೀರು 40 ಡಿಗ್ರಿ ಮೀರದಿರಲಿ. ಮಕ್ಕಳು, ವೃದ್ಧರು, ಮಧುಮೇಹಿಗಳ ನೀರನ್ನು ಆರೋಗ್ಯವಂತರೊಬ್ಬರು ಮೊಣಕೈಯಿಂದ ಪರೀಕ್ಷಿಸಲಿ.

ಒಂದು ವೇಳೆ ಸುಟ್ಟರೆ ಆ ಭಾಗದ ಮೇಲೆ 20 ನಿಮಿಷ ಹರಿಯುವ ತಣ್ಣೀರು ಬಿಡಬೇಕು. ಟೂತ್‌ಪೇಸ್ಟ್, ಅರಿಸಿನ, ಎಣ್ಣೆ ಏನನ್ನೂ ಹಚ್ಚದೆ ವೈದ್ಯರಲ್ಲಿಗೆ ಬರಬೇಕು. ಮಧುಮೇಹಿಗಳು ಸಣ್ಣ ಬೊಬ್ಬೆಯನ್ನೂ ಅಲಕ್ಷಿಸಬಾರದು. ನಾಳೆ ನಸುಕಿನಲ್ಲಿ ಒಲೆಗೆ ಸೌದೆಯಿಡುವ ಮುನ್ನ ಸೋಲಾರ್ ನೀರಿಗೆ ಒಮ್ಮೆ ಕೈಯೊಡ್ಡಿ ನೋಡಿರಿ. ಮನೆಯ ಹಿರಿಯರ ಕ್ಷೇಮಕ್ಕೆ ಅಷ್ಟು ಎಚ್ಚರ ಅವಶ್ಯ.