ಮೈಕು ಬಿಟ್ಟು ರಾಜಕೀಯಕ್ಕೆ ಹೋಗಲೇ?

ಪ್ರಶ್ನೆ: ನನಗೆ 36 ವರ್ಷ. ಸುದ್ದಿ ವಾಹಿನಿಯೊಂದಕ್ಕೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ವರದಿಗಾರ. ಒಂದು ಪಕ್ಷದ ಮುಖಂಡರು ‘ನಮ್ಮ ಕಡೆ ಬಾ, ಮುಂದೆ ಟಿಕೆಟ್ ನೋಡೋಣ’ ಎನ್ನುತ್ತಿದ್ದಾರೆ. ನನಗೂ ಆಸೆಯಿದೆ. ಈಚೆಗೆ ಅವರ ಬೈಟ್ ತೆಗೆದುಕೊಳ್ಳುವ ಮೊದಲು ‘ಅಣ್ಣಾರ, ನೀರಿನ ವಿಷ್ಯ ಅಷ್ಟ ಕೇಳ್ತೀನ್ರಿ’ ಎಂದುಬಿಟ್ಟೆ. ಅಂದಿನಿಂದ ನಿದ್ದೆ ಬರುತ್ತಿಲ್ಲ. ಆಫೀಸಿಗೂ ಹೇಳಿಲ್ಲ, ಮನೆಯಲ್ಲೂ ಹೇಳಿಲ್ಲ. ನಾನು ನನ್ನನ್ನು ಮಾರಿಕೊಂಡೆನೇ?
– ಹೆಸರು ಬೇಡ, ಸಿಂಧನೂರು (ಪತ್ರವನ್ನು ಸಂಕ್ಷೇಪಿಸಲಾಗಿದೆ)

ಉತ್ತರ: ನಿಮ್ಮ ಪತ್ರದಲ್ಲಿ ಟಿಕೆಟ್ಟಿನ ಬಗ್ಗೆ ಎರಡೇ ಸಾಲು ಇವೆ. ಆ ಒಂದು ಬೈಟ್ ಬಗ್ಗೆ ಒಂದು ಪುಟವೇ ಇದೆ. ಚಾನೆಲ್ಲಿನ ಲೋಗೋ ಇರುವ ಮೈಕು ಹಿಡಿದ ಕೈ ಬೆವರಿದ್ದು, ಮುಖಂಡರು ಹೆಗಲ ಮೇಲೆ ಕೈಯಿಟ್ಟು ನಕ್ಕಿದ್ದು, ಪಕ್ಕದಲ್ಲಿದ್ದ ಬೇರೆ ಚಾನೆಲ್ಲಿನ ಹುಡುಗ ನಿಮ್ಮನ್ನು ಒಮ್ಮೆ ನೋಡಿ ಮುಖ ತಿರುಗಿಸಿದ್ದು, ಎಲ್ಲವನ್ನೂ ಬರೆದಿದ್ದೀರಿ. ಮಾರಿಕೊಂಡವರಿಗೆ ಇಷ್ಟೆಲ್ಲ ನೆನಪಿರುವುದಿಲ್ಲ. ನಿಮಗೆ ನಾಚಿಕೆಯಾಗಿದೆ. ಆ ನಾಚಿಕೆ ಸಹಜ, ಅದನ್ನು ಅದುಮಿಡಬೇಡಿ.

ರಾಜಕೀಯದ ಆಸೆಗಾಗಿ ಮಾತ್ರ ನಾಚಬೇಕಾಗಿಲ್ಲ. ತುಂಗಭದ್ರಾ ಎಡದಂಡೆಯ ಕೊನೆ ಭಾಗದ ರೈತರು ‘ಟೀವ್ಯಾಗ ಹಾಕ್ರಿ ಸರ’ ಎನ್ನುತ್ತಾರೆ, ನೀವು ಹಾಕುತ್ತೀರಿ, ಕಾಲುವೆ ಒಣಗಿಯೇ ಇರುತ್ತದೆ. 5ಎ ಕಾಲುವೆ ಬೇಕೆಂದು ಪಾಮನಕಲ್ಲೂರಿನಲ್ಲಿ ಧರಣಿ ಕೂತವರ ನಡುವೆಯೂ ಓಡಾಡಿದ್ದಾಗಿ ಬರೆದಿದ್ದೀರಿ. ಇಷ್ಟು ಕಂಡವರಿಗೆ ಬರೀ ಕೇಳಿದರೆ ಸಾಲದು, ಏನಾದರೂ ಮಾಡುವ ಜಾಗದಲ್ಲಿರಬೇಕು ಅನಿಸುವುದು ಒಳ್ಳೆಯ ಮನಸ್ಸಿನ ಲಕ್ಷಣವೇ.

ಈ ದಾರಿ ಹೊಸದೂ ಅಲ್ಲ. ಟಿ.ವಿ. ಪತ್ರಕರ್ತೆಯಾಗಿದ್ದ ತೇಜಸ್ವಿನಿ 2004ರಲ್ಲಿ ಕನಕಪುರ ಲೋಕಸಭಾ ಕ್ಷೇತ್ರದಲ್ಲಿ ಮಾಜಿ ಪ್ರಧಾನಿ ದೇವೇಗೌಡರನ್ನೇ ಸೋಲಿಸಿದರು. ಎಲ್ಲರೂ ನೆನೆಯುವುದು ಆ ಗೆಲುವನ್ನು. ನೀವು ಮುಂದಿನದನ್ನೂ ನೋಡಿ: 2009ರಲ್ಲಿ ಸೋಲು, ಆಮೇಲೆ ಬಿಜೆಪಿ, 2018ರಲ್ಲಿ ವಿಧಾನ ಪರಿಷತ್ತು, 2024ರಲ್ಲಿ ಆ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಮತ್ತೆ ಕಾಂಗ್ರೆಸ್. ಕೇರಳದ ವೀಣಾ ಜಾರ್ಜ್ ವಾರ್ತಾ ವಾಚಕಿಯಾಗಿದ್ದವರು. 2016ರಲ್ಲಿ ಶಾಸಕಿಯಾಗಿ 2021ರಲ್ಲಿ ಆರೋಗ್ಯ ಸಚಿವೆಯಾದರು. ಅಲ್ಲಿಯದೇ ಟಿ.ವಿ. ಪತ್ರಕರ್ತ ನಿಕೇಶ್ ಕುಮಾರ್ 2016ರ ಚುನಾವಣೆಯಲ್ಲಿ ಸೋತು ಸುದ್ದಿಮನೆಗೆ ಮರಳಿದರು, 2024ರಲ್ಲಿ ಪತ್ರಿಕೋದ್ಯಮ ಬಿಟ್ಟು ಪಕ್ಷದ ಕೆಲಸಕ್ಕೇ ನಿಂತರು. ಪರದೆ ಮೇಲಿನ ಮುಖದ ಪರಿಚಯ ಮೊದಲ ಚುನಾವಣೆಗೆ ನೆರವಾದೀತು. ಅದರಾಚೆಗಿನ ವರ್ಷಗಳಿಗೆ ಬೇರೆಯದೇ ತಾಳ್ಮೆ ಬೇಕು.

ಊರವರು ಏನೆಂದಾರು ಎಂಬ ನಿಮ್ಮ ಭಯದ ಬಗ್ಗೆ ಒಂದು ಮಾತು. ಮಸ್ಕಿಯಲ್ಲಿ 2018ರಲ್ಲಿ ಪ್ರತಾಪಗೌಡ ಪಾಟೀಲರು ಬಸನಗೌಡ ತುರ್ವಿಹಾಳರ ಎದುರು ಗೆದ್ದದ್ದು 213 ಮತಗಳಿಂದ. 2021ರ ಉಪಚುನಾವಣೆಯಲ್ಲಿ ತುರ್ವಿಹಾಳರು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಅಷ್ಟರಲ್ಲಿ ಇಬ್ಬರೂ ಪಕ್ಷ ಬದಲಿಸಿದ್ದರು. ಯಾರು ಎಲ್ಲಿಂದ ಎಲ್ಲಿಗೆ ಹೋದರು ಎಂಬುದೊಂದನ್ನೇ ಜನ ನೋಡುವುದಿಲ್ಲ. ಯಾಕೆ ಹೋದರು, ಹೇಗೆ ಹೋದರು ಎಂದೂ ತೂಗುತ್ತಾರೆ.

ನಿಮ್ಮನ್ನು ತಿನ್ನುತ್ತಿರುವುದು ಈ ‘ಹೇಗೆ’ ಎಂಬುದೇ. ಒಂದು ಕೈಯಲ್ಲಿ ಲೋಗೋ, ಇನ್ನೊಂದು ಕೈಯಲ್ಲಿ ಪಕ್ಷದ ಶಾಲು ಹಿಡಿದು ನಿಂತಿದ್ದೀರಿ. ಎರಡೂ ಗೌರವದ ವಸ್ತುಗಳೇ, ಒಟ್ಟಿಗೆ ಮಾತ್ರ ಹಿಡಿಯಲಾಗದು. ಇದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು.

ಮೊದಲು ನಿಮ್ಮ ಮನೆಯವರಿಗೆ ಹೇಳಿ. ಒಪ್ಪಿಗೆ ಕೇಳುವ ಅವಸರ ಬೇಡ. ನಿದ್ದೆ ಬಾರದ್ದನ್ನು ಹೇಳಿ, ಆ ಬೈಟ್ ವಿಷಯವನ್ನೂ ಹೇಳಿ. ನೀವು ರಾತ್ರಿ ಮಗ್ಗುಲು ಬದಲಿಸುವುದು ಅವರಿಗೆ ಈಗಾಗಲೇ ಗೊತ್ತಿರುತ್ತದೆ, ಕಾರಣವಷ್ಟೇ ಗೊತ್ತಿಲ್ಲ.

ಆಮೇಲೆ ಬ್ಯೂರೋ ಮುಖ್ಯಸ್ಥರಿಗೆ ಫೋನ್ ಮಾಡಿ, ನಿರ್ಧಾರವಾಗುವವರೆಗೆ ಆ ಪಕ್ಷದ ಸುದ್ದಿ ನನಗೆ ಬೇಡ, ಬೇರೆಯವರಿಗೆ ಕೊಡಿ ಎನ್ನಿ. ಹೋಗುವುದೇ ಆದರೆ ಲೋಗೋ, ಗುರುತಿನ ಚೀಟಿ ಮರಳಿಸಿದ ಮೇಲೆಯೇ ಸದಸ್ಯತ್ವ. ಈ ಕ್ರಮ ತಿರುಗಾಮುರುಗಾ ಆಗಬಾರದು.

ಮುಖಂಡರನ್ನೂ ವರದಿಗಾರನ ಹಾಗೆಯೇ ಪ್ರಶ್ನಿಸಿ. ಯಾವ ಟಿಕೆಟ್? ಮಸ್ಕಿ ಪರಿಶಿಷ್ಟ ಪಂಗಡಕ್ಕೆ, ಲಿಂಗಸುಗೂರು ಪರಿಶಿಷ್ಟ ಜಾತಿಗೆ ಮೀಸಲು. ನಿಮ್ಮ ಭಾಗದ ಮೂರರಲ್ಲಿ ಸಾಮಾನ್ಯ ಕ್ಷೇತ್ರ ಸಿಂಧನೂರು ಒಂದೇ. ವಿಧಾನಸಭೆ ಚುನಾವಣೆಗೆ ಅಭ್ಯರ್ಥಿಯ ವೆಚ್ಚದ ಮಿತಿಯೇ 40 ಲಕ್ಷ ರೂಪಾಯಿ, ಅದನ್ನು ಹಾಕುವವರು ಯಾರು? ಜಿಲ್ಲಾ, ತಾಲ್ಲೂಕು ಪಂಚಾಯಿತಿ ಎಂದರೆ, 2021ರಲ್ಲಿ ಅವಧಿ ಮುಗಿದ ಮೇಲೂ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಂಥ ಭರವಸೆ ನಂಬಿ ಕಾಯುವಾಗ ಮನೆಯ ದಿನಸಿಗೆ, ಮಕ್ಕಳ ಫೀಸಿಗೆ ದಾರಿಯೇನು ಎಂದು ದಂಪತಿಯಿಬ್ಬರೂ ಕೂತು ಲೆಕ್ಕ ಹಾಕಿ. ಉತ್ತರ ತೃಪ್ತಿ ಕೊಡದಿದ್ದರೆ ‘ಈಗ ಬೇಡ’ ಎನ್ನುವುದರಲ್ಲಿ ಸೋಲೇನೂ ಇಲ್ಲ.

ಸುದ್ದಿ ಬಿಟ್ಟವರಿಗೆ ಒಂದು ಖಾಲಿತನ ಕಾಡುತ್ತದೆ, ಅದಕ್ಕೂ ಸಿದ್ಧರಾಗಿ. ನಾಳೆ ನಿಮ್ಮ ಗೆಳೆಯರೇ ನಿಮ್ಮ ಮುಖಕ್ಕೆ ಲೋಗೋ ಹಿಡಿದು ಖಾರವಾಗಿ ಕೇಳುತ್ತಾರೆ. ಅವರು ಕೇಳಲಿ. ‘ಇದಷ್ಟೇ ಕೇಳು’ ಎಂದು ನೀವು ಯಾರಿಗೂ ಹೇಳಬೇಡಿ.

ನಿದ್ದೆ, ಹಸಿವು ಇನ್ನೂ ಎರಡು ವಾರ ಸರಿಹೋಗದಿದ್ದರೆ, ಅಥವಾ ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ, ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲೂ ಮನೋವೈದ್ಯರನ್ನು ಕಾಣಬಹುದು.

ಇವತ್ತು ರಾತ್ರಿ ಊಟವಾದ ಮೇಲೆ ಫೋನ್ ಪಕ್ಕಕ್ಕಿಟ್ಟು ಮನೆಯವರೊಂದಿಗೆ ಮಾತಾಡಿ. ಮಾತಾಡಿದ ಮೇಲೆ ಏನನ್ನಿಸಿತು ಎಂದು ನನಗೂ ಬರೆಯಿರಿ.