ಘಾಟಿ ಜಾತ್ರೆಯಲ್ಲಿ ನಾಲ್ಕು ರಾತ್ರಿ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಮೊದಲ ಸಲ ಹೋದಾಗ ಜಾಗ ಹಿಡಿಯುವ ಕೆಲಸವನ್ನು ಸೋದರಮಾವ ನನಗೆ ವಹಿಸಿದ್ದರು. ಜೊತೆಗೆ ಅವರ ಹಳ್ಳಿಕಾರ್ ಹೋರಿಗಳ ಜೋಡಿ, ರಾಗಿ ಹುಲ್ಲು, ಒಂದು ಮೂಟೆ ಬೂಸಾ, ಪಾತ್ರೆಪಗಡಿ. ನಾಲ್ಕು ರಾತ್ರಿ ಮನೆಯಾಗಬೇಕಿದ್ದದ್ದು ನಾವು ಬಂದ ಬಾಡಿಗೆ ಕ್ಯಾಂಟರೇ. ದೊಡ್ಡ ಮರವೊಂದು ಕಂಡಿತು. ನೆರಳು ಸಿಕ್ಕಿತೆಂದು ಅದರ ಪಡುವಣ ಮಗ್ಗುಲಲ್ಲಿ ಗಾಡಿ ನಿಲ್ಲಿಸಿ ಗೂಟ ಹೊಡೆದೆ.

ಪುಷ್ಯ ಶುದ್ಧ ಷಷ್ಠಿಯ ತೇರಿಗೆ ಇನ್ನೂ ದಿನಗಳಿದ್ದವು. ಚಳಿ ಮೂಳೆಗೆ ಇಳಿಯುವ ಕಾಲ. ರಾತ್ರಿಯೆಲ್ಲ ಎಲೆಗಳಿಂದ ಮಂಜು ತೊಟ್ಟಿಕ್ಕಿ, ಮುಚ್ಚದೆ ಬಿಟ್ಟಿದ್ದ ಹುಲ್ಲು ನೆನೆಯಿತು. ಬೆಳಗ್ಗೆ ಎಲ್ಲರ ದನಗಳೂ ಎಳೆಬಿಸಿಲಿಗೆ ಮೈಯೊಡ್ಡಿದ್ದರೆ ನಮ್ಮವು ಒಂಬತ್ತು ಗಂಟೆಯಾದರೂ ನಡುಗುತ್ತಿದ್ದವು.

‘ದ್ಯಾವ್ರೇ ಮೂಡ್ಲಿಗೆ ಮುಖ ಮಾಡ್ಕಂಡವ್ನೆ, ನೀನು ದನಾನ ಮರದ ಹಿಂದಕ್ ಕಟ್ಟಿದ್ದೀಯಲ್ಲೋ ಅಳಿಯಾ!’ ಎಂದರು ಮಾವ. ಜಾತ್ರೆಯಲ್ಲಿ ಜಾಗ ನೋಡುವುದು ದನದ ಕಣ್ಣಿನಿಂದ, ನಮ್ಮ ಕಣ್ಣಿನಿಂದಲ್ಲ. ಮೊದಲ ಬಿಸಿಲು ಎಲ್ಲಿ ಬೀಳುತ್ತದೆ, ನೀರು ಎಷ್ಟು ದೂರ, ಇಷ್ಟು ತಿಳಿದ ಮೇಲೆ ಗೂಟ.

ನೀರಿನ ಪಾಠವೂ ಹಾಗೆಯೇ ಬಂತು. ಜೋಡಿಗೆ ದಿನಕ್ಕೆ ಐದಾರು ಬಿಂದಿಗೆ ಬೇಕು. ನೂಕುನುಗ್ಗಲಿನಲ್ಲಿ ಹೊತ್ತು ತಂದ ತಣ್ಣೀರನ್ನು ಹೋರಿಗಳು ಮೂಸಿ ಬಿಟ್ಟವು. ಉಗುರುಬೆಚ್ಚಗೆ ಮಾಡಿ, ಬೂಸಾ ಕಲಸಿಟ್ಟ ಮೇಲೆ ಕುಡಿದವು. ನಮ್ಮ ಮುದ್ದೆಗೆ ಒಲೆ ಹಚ್ಚಿದ್ದು ಆಮೇಲೆ. ಅವರೆಕಾಯಿ ಸುಗ್ಗಿಯ ದಿನಗಳಾದ್ದರಿಂದ ಸಾರಿಗೆ ಚಿಂತೆಯಿರಲಿಲ್ಲ.

ಎರಡನೆಯ ರಾತ್ರಿ ಒಂದು ಹೋರಿ ಗೂಟ ಕಿತ್ತುಕೊಂಡಿತು. ಹಿಡಿದು ಕಟ್ಟಿದವರು ಪಕ್ಕದ ಬಿಡಾರದ, ಹಿಂದೂಪುರದ ಕಡೆಯ ರೈತರು. ಕನ್ನಡ, ತೆಲುಗು ಎರಡನ್ನೂ ಬೆರೆಸಿ ನನ್ನನ್ನು ಬೈದು, ಗೂಟವನ್ನು ಓರೆಯಾಗಿ ಹೊಡೆಯುವುದನ್ನು ತೋರಿಸಿದರು. ಬಂದ ದಿನ ನಾನು ಅವರನ್ನು ಮಾತಾಡಿಸಿಯೂ ಇರಲಿಲ್ಲ. ಬಾಗಿಲಿಲ್ಲದ ಮನೆಗೆ ಅಕ್ಕಪಕ್ಕದವರೇ ಕಾವಲು. ಮಾರನೆಯ ದಿನದಿಂದ ಎರಡು ಬಿಡಾರಕ್ಕೂ ಒಂದೇ ಒಲೆ.

ವ್ಯಾಪಾರಕ್ಕೆ ಬಂದವರು ಹಲ್ಲು ಎಣಿಸಿ, ಹಿಂದಿನಿಂದ ನಡಿಗೆ ನೋಡಿ, ಟವೆಲ್ಲಿನ ಮರೆಯಲ್ಲಿ ಮಾವನ ಬೆರಳು ಹಿಡಿದರು. ನಾನು ನಡುವೆ ಬಾಯಿ ಹಾಕಿ ರೇಟು ಹೇಳಿಬಿಟ್ಟೆ. ಸುತ್ತಲಿದ್ದವರು ನಕ್ಕರು, ವ್ಯಾಪಾರ ಅಲ್ಲಿಗೇ ನಿಂತಿತು. ಬೆರಳು ಮಾತಾಡುವಾಗ ಬಾಯಿ ಮುಚ್ಚಿರಬೇಕು. ಜೋಡಿ ಮಾರಾಟವಾದದ್ದು ನಾಲ್ಕನೆಯ ದಿನ.

ಈಗ ಹೋಗುವವರಿಗೆ ಇನ್ನೊಂದು ಮಾತು. 2022ರಲ್ಲಿ ಚರ್ಮಗಂಟು ರೋಗ ದನಗಳನ್ನು ಹೇಗೆ ಕಾಡಿತೆಂದು ರೈತರು ಮರೆತಿಲ್ಲ. ಲಸಿಕೆಯ ಬಲ ಮೈಗೆ ಹತ್ತಲು ಸುಮಾರು ಮೂರು ವಾರ ಬೇಕು. ಜಾತ್ರೆಯ ಹಿಂದಿನ ದಿನ ಹಾಕಿಸಿದರೆ ಉಪಯೋಗವಿಲ್ಲ.

ಹೊರಡುವ ಮುಂಚೆ ದರ್ಶನಕ್ಕೆ ಹೋದೆವು. ಒಂದೇ ಶಿಲೆಯಲ್ಲಿ ಸುಬ್ರಹ್ಮಣ್ಯ ಪೂರ್ವಕ್ಕೆ, ನರಸಿಂಹ ಪಶ್ಚಿಮಕ್ಕೆ. ಹಿಂದಿರುವ ನರಸಿಂಹ ಕಾಣಲೆಂದೇ ಅಲ್ಲಿ ಕನ್ನಡಿಯಿದೆ. ಹಿಂತಿರುಗಿ ಬಂದು ಗೂಟ ಕಿತ್ತು ಕ್ಯಾಂಟರ್ ಹತ್ತಿದೆ. ಮಾವ ಕೆಳಗೇ ನಿಂತಿದ್ದರು.

‘ಕನ್ನಡೀಲಿ ಏನ್ ನೋಡ್ದೆ? ಇಳಿ, ಹಿಂದಕ್ ತಿರುಗಿ ನೋಡು.’

ಇಳಿದು ನೋಡಿದೆ. ಗೂಟ ಕಿತ್ತ ಗುಂಡಿಗಳು ಬಾಯಿ ತೆರೆದಿದ್ದವು. ಮುಂದೆ ಆ ಜಾಗಕ್ಕೆ ಬರುವ ದನದ ಕಾಲು ಸಿಕ್ಕಿಕೊಳ್ಳದಂತೆ ಒಂದೊಂದಕ್ಕೂ ಮಣ್ಣು ತುಂಬಿ ತುಳಿದ ಮೇಲೆಯೇ ಗಾಡಿ ಸ್ಟಾರ್ಟ್ ಆದದ್ದು.